ರಾಯಲ್ ಒಪೇರಾ ಹೌಸ್, ಮುಂಬಯಿ

ರಾಯಲ್ ಒಪೇರಾ ಹೌಸ್ ಮುಂಬಯಿಯ ಚರ್ನಿ ರೋಡ್ ಪ್ರದೇಶದಲ್ಲಿರುವ ಬರೋಕ್ ಶೈಲಿಯ ರಂಗಮಂದಿರ. ಭಾರತದಲ್ಲಿ ಉಳಿದಿರುವ ಏಕೈಕ ಒಪೇರಾ ಮಂದಿರವಿದು. ಮೌರಿಸ್ ಬ್ಯಾಂಡ್‌ಮನ್ ಹಾಗೂ ಜಹಾಂಗೀರ್ ಫ್ರಾಮ್‌ಜಿ ಕರಾಕಾ ಇದರ ನಿರ್ಮಾತೃಗಳು. 1911ರಲ್ಲಿ ದೊರೆ ಐದನೆಯ ಜಾರ್ಜ್ ಉದ್ಘಾಟಿಸಿದಾಗ ಕಾಮಗಾರಿ ಇನ್ನೂ ಮುಗಿದಿರಲಿಲ್ಲ.

ಹೆಸರಿನಲ್ಲಿ ಒಪೇರಾ ಇದ್ದರೂ ಮಂದಿರವನ್ನು ಬಹುಕಾಲ ಜೀವಂತವಾಗಿರಿಸಿದ್ದು ಬಾಲಗಂಧರ್ವ, ಪೃಥ್ವಿರಾಜ್ ಕಪೂರ್ ಮುಂತಾದವರ ಪ್ರದರ್ಶನಗಳು ಮತ್ತು ಚಲನಚಿತ್ರಗಳು. ಆದರೆ ಚಿತ್ರಮಂದಿರವಾಗಿ ಮಾರ್ಪಡಿಸುವಾಗ ವೇದಿಕೆಯ ಇಕ್ಕೆಲಗಳ ಬಾಕ್ಸ್ ಆಸನಗಳನ್ನು ಕಿತ್ತುಹಾಕಲಾಯಿತು. 1952ರಲ್ಲಿ ಕಟ್ಟಡವು ಗೊಂಡಲ್ ರಾಜಮನೆತನದ ಒಡೆತನಕ್ಕೆ ಬಂದಿತು. ಪ್ರೇಕ್ಷಕರು ಕಡಿಮೆಯಾಗಿ 1993ರಲ್ಲಿ ಬಾಗಿಲು ಮುಚ್ಚಿತು. ಮಳೆನೀರು ಸೋರಿ ಕಟ್ಟಡ ಶಿಥಿಲಗೊಂಡಿತು.

2012ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಇದನ್ನು ಅಪಾಯದಂಚಿನಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ಜೀರ್ಣೋದ್ಧಾರದ ಹೊಣೆ ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರದು. ಮೊದಲು ಕಟ್ಟಡದ ರಚನೆಯನ್ನು ಭದ್ರಪಡಿಸಿ, ಅನಂತರವೇ ಅಲಂಕಾರದ ಕೆಲಸ ಕೈಗೊಳ್ಳಲಾಯಿತು. ಕಳೆದುಹೋಗಿದ್ದ ಬಾಕ್ಸ್‌ಗಳನ್ನು ಹಳೆಯ ಛಾಯಾಚಿತ್ರಗಳ ಆಧಾರದಿಂದ ಮರುನಿರ್ಮಿಸಲಾಯಿತು. 2016ರ ಅಕ್ಟೋಬರ್‌ನಲ್ಲಿ ಮಂದಿರ ಪುನರಾರಂಭವಾದಾಗ, ಮುಂಬಯಿಯಲ್ಲಿ ಜನಿಸಿದ ಸೊಪ್ರಾನೊ ಗಾಯಕಿ ಪೆಟ್ರೀಶಿಯಾ ರೊಜಾರಿಯೊ ಹಾಡಿದರು. 2017ರಲ್ಲಿ ಈ ಕಾರ್ಯಕ್ಕೆ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿ ಲಭಿಸಿತು.