ಸಾಲಿ ಗಂಟೆಯ ಒಳಗೆ

ನಮ್ಮ ಕುರ್ತಕೋಟಿಯಿಂದ ಗದಗಿಗೆ ಹೋಗುವುದೆಂದರೆ ದೊಡ್ಡ ಪ್ರಯಾಣವೇನಲ್ಲ. ಆದರೂ ನಾನು ಬಿ.ಎ. ಓದುವಾಗ ಮುಂಜಾನೆಯ ಬಸ್ಸು ತಪ್ಪಿತೆಂದರೆ ಅವತ್ತಿನ ಕಾಲೇಜೂ ತಪ್ಪಿದಂತೆಯೇ. ಹಳ್ಳಿಯವರ ಓದು, ನೌಕರಿ, ಸಂತೆ, ಮದುವೆಯ ಮಾತುಕತೆ ಎಲ್ಲವೂ ಬಸ್ಸಿನ ವೇಳೆಗೆ ಹೊಂದಿಕೊಂಡೇ ನಡೆಯುತ್ತವೆ. ಅದಕ್ಕೇ ಇರಬೇಕು, ಯಾರಾದರೂ ದೊಡ್ಡವರಾದ ಸುದ್ದಿ ಕೇಳಿದರೆ ಅವರು ಎಷ್ಟು ದೂರ ಓಡಾಡಿದರೋ ಎಂಬ ಪ್ರಶ್ನೆಯೇ ನನಗೆ ಮೊದಲು ಏಳುತ್ತದೆ.

ಈ ಪ್ರಶ್ನೆಗೆ ಗದಗಿನಲ್ಲಿಯೇ ಒಂದು ಉತ್ತರವಿದೆ. ಕ್ರಿಕೆಟ್ ಆಟಗಾರ ಸುನೀಲ ಜೋಶಿ ಅಲ್ಲಿ ಹುಟ್ಟಿದ್ದು 1970ರ ಜೂನ್ 6ರಂದು. ನಾನೂ ಅವರ ವಾರಗೆಯವಳೇ. ಆಗ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರು. ಗದಗ ಧಾರವಾಡ ಜಿಲ್ಲೆಯ ಒಂದು ತಾಲೂಕು; ಅದು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ದೊಡ್ಡ ಆಸ್ಪತ್ರೆಯಂತೆ, ದೊಡ್ಡ ಪೇಟೆಯಂತೆ, ಒಳ್ಳೆಯ ಕ್ರಿಕೆಟ್ ಅಭ್ಯಾಸವೂ ಹುಬ್ಬಳ್ಳಿಯಲ್ಲಿಯೇ. ಹುಡುಗ ಸುನೀಲ ನಸುಕಿನಲ್ಲಿ ಎದ್ದು ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿ, ಸಾಲಿಯ ಗಂಟೆ ಬಾರಿಸುವುದರೊಳಗೆ ಗದಗಿಗೆ ಮರಳುತ್ತಿದ್ದ. ಒಂದು ಸಲಕ್ಕೆ ಸುಮಾರು 60 ಕಿಲೋಮೀಟರ್. ಹೋಗಿ ಬಂದರೆ 120. ಮಾಸ್ತರಿಕೆಯ ಚಟ ನೋಡಿ, ನಾನು ಲೆಕ್ಕ ಹಾಕಿಯೇ ಬಿಟ್ಟೆ. ವರ್ಷಕ್ಕೆ 200 ದಿನವೆಂದು ಹಿಡಿದರೂ 24,000 ಕಿಲೋಮೀಟರ್! ಭೂಮಿಯ ಅರ್ಧ ಸುತ್ತಿಗಿಂತಲೂ ಹೆಚ್ಚು.

ಗದಗ ಇದಕ್ಕೂ ಮೊದಲು ಇನ್ನೊಬ್ಬ ಜೋಶಿಯನ್ನು ಕಂಡಿತ್ತು. ಬಾಲಕ ಭೀಮಸೇನ ಜೋಶಿ 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ರೈಲು ಹತ್ತಿದರು. ಅವರು ಹೋದವರು ಬೇಗ ಮರಳಲಿಲ್ಲ. ಈ ಜೋಶಿ ದಿನಾಲೂ ಹೋದರು, ದಿನಾಲೂ ಮರಳಿದರು. ಯಾವುದು ಹೆಚ್ಚು ಕಠಿಣವೋ ನಾನರಿಯೆ.

ಇಷ್ಟು ಓಡಾಡಿದರೂ ಫಲ ಬೇಗ ಕೈಗೆ ಬರಲಿಲ್ಲ. ಬೆಂಗಳೂರಿನ ಅನಿಲ ಕುಂಬ್ಳೆ ಇವರಿಗಿಂತ ನಾಲ್ಕು ತಿಂಗಳು ಚಿಕ್ಕವರು. 1990ರಲ್ಲಿಯೇ ಭಾರತ ತಂಡ ಸೇರಿದರು. ಜೋಶಿಯವರಿಗೆ ಕರ್ನಾಟಕ ತಂಡದ ಬಾಗಿಲು ತೆರೆದದ್ದೇ 1992-93ರಲ್ಲಿ. ಇದರಲ್ಲಿ ಪ್ರತಿಭೆಯ ಅಂತರವೆಷ್ಟು, ಊರಿನ ಅಂತರವೆಷ್ಟು ಎಂದು ತೂಗಲು ನಾನು ಬಲ್ಲವಳಲ್ಲ. 1995-96ರ ರಣಜಿ ಋತುವಿನಲ್ಲಿ ಮಾತ್ರ ಅವರು 500ಕ್ಕೂ ಹೆಚ್ಚು ರನ್ನು, 50ಕ್ಕೂ ಹೆಚ್ಚು ವಿಕೆಟ್ಟು ಎರಡನ್ನೂ ಗಳಿಸಿದರು. 1982-83ರ ನಂತರ ಕರ್ನಾಟಕಕ್ಕೆ ಮತ್ತೆ ರಣಜಿ ಟ್ರೋಫಿ ಬಂದದ್ದು ಅದೇ ಸಲ. ಮುಂದೆ ಇಂಗ್ಲಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮೊದಲ ಟೆಸ್ಟ್. ಅದು ಸುರುವಾದದ್ದು 1996ರ ಜೂನ್ 6ರಂದು, ಅವರಿಗೆ 26 ತುಂಬಿದ ದಿನವೇ. ಆದರೆ ಫೀಲ್ಡಿಂಗ್ ಮಾಡುವಾಗ ಬೆರಳು ಮುರಿದು, ಆ ಪಂದ್ಯದಲ್ಲಿ ಅವರಿಗೆ ಬೌಲಿಂಗ್ ಮಾಡಲಾಗಲಿಲ್ಲ. ಅಷ್ಟು ದೂರ ಹೋಗಿ ಚೆಂಡನ್ನೇ ಎಸೆಯದೆ ಬಂದವರ ಮನಸ್ಸು ಹೇಗಿದ್ದೀತು!

ಅವರು ಅದನ್ನೂ ದಾಟಿದರು. 1999ರ ಸಪ್ಟೆಂಬರದಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರು ಹಾಕಿ, ಬರೀ 6 ರನ್ನು ಕೊಟ್ಟು 5 ವಿಕೆಟ್ ಕಿತ್ತರು. 2000ದ ನವೆಂಬರದಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ ತನ್ನ ಮೊತ್ತಮೊದಲ ಟೆಸ್ಟ್ ಆಡಿದಾಗ 92 ರನ್ನು ಬಾರಿಸಿ, ಎರಡೂ ಇನ್ನಿಂಗ್ಸ್ ಸೇರಿ 8 ವಿಕೆಟ್ ಪಡೆದು ಪಂದ್ಯಪುರುಷರಾದರು.

ಇಲ್ಲಿಂದ ಮುಂದಿನದು ನನ್ನ ಕಥೆ. ಆ ನವೆಂಬರದಲ್ಲಿ ಪತ್ರಿಕೆಯ ಚಿತ್ರ ಕತ್ತರಿಸಿ ಸಾಲಿಯ ಫಲಕಕ್ಕೆ ಅಂಟಿಸಿದೆ. ಪ್ರಾರ್ಥನೆಯ ಹೊತ್ತಿನಲ್ಲಿ ಅವರ ಓಡಾಟವನ್ನು ಬಣ್ಣಿಸಿ ಹೇಳಿದೆ. ಒಂಬತ್ತನೆಯ ಇಯತ್ತೆಯಲ್ಲಿ ಎತ್ತರದ ಒಬ್ಬ ಹುಡುಗಿಯಿದ್ದಳು. ಮುಂದೆ ಎರಡು ವಾರಕ್ಕೆ ಆಕೆ ಮುಂಜಾನೆಯ ಬಸ್ಸಿಗೆ ಗದಗಿಗೆ ಹೋಗಿ ಬ್ಯಾಸ್ಕೆಟ್‌ಬಾಲ್ ಕಲಿಯತೊಡಗಿದಳು. ಮರಳಿ ಬರುವ ಬಸ್ಸು ಮೊದಲ ತಾಸಿಗೆ ಮುಟ್ಟುತ್ತಿರಲಿಲ್ಲ.

“ಬಸ್ ತಡಾ ಆತ್ರೀ ಅಕ್ಕಾರ,” ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ನಾನು ಹಾಜರಿಯ ಮುಂದೆ ಕೆಂಪು ಗೆರೆ ಎಳೆಯುತ್ತಿದ್ದೆ. ಒಂದು ದಿನ ಎಲ್ಲರೆದುರು ಅಂದುಬಿಟ್ಟೆ: “ಸುನೀಲ ಜೋಶಿ ಹುಬ್ಬಳ್ಳಿಗೆ ಹೋಗಿ ಬಂದೂ ವ್ಯಾಳ್ಯಾಕ್ಕ ಸಾಲಿಗೆ ಬರತಿದ್ರು. ನಿನಗ ಗದಗ ದೂರ ಆತೇನು?”

ಮಕ್ಕಳು ನಕ್ಕರು. ಅವಳು ಉತ್ತರಿಸಲಿಲ್ಲ. ಮರುವಾರದಿಂದ ಸರಿಯಾದ ವೇಳೆಗೆ ಬರತೊಡಗಿದಳು. ನನ್ನ ಮಾತು ನಾಟಿತೆಂದು ಹಿಗ್ಗಿದೆ. ಅವಳು ಆಟವನ್ನೇ ಬಿಟ್ಟಿದ್ದಾಳೆಂದು ತಿಳಿದದ್ದು ಆ ವರ್ಷದ ಕಡೆಗೆ, ಅವಳ ತಾಯಿಯಿಂದ. “ಅಕ್ಕಾರ ಬೈತಾರ ಅಂತ ಬಿಟ್ಳ್ರೀ. ಅವರಪ್ಪಗೂ ಅಷ್ಟ ಬೇಕಾಗಿತ್ತು,” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಆಕೆ ದೊಡ್ಡ ಆಟಗಾರ್ತಿ ಆಗುತ್ತಿದ್ದಳೆಂದು ನಾನು ಹೇಳಲಾರೆ. ಹುಬ್ಬಳ್ಳಿಗೂ ಗದಗಿಗೂ ನಡುವೆ ಗಾಡಿಗಳುಂಟು, ಬಸ್ಸುಗಳುಂಟು. ಅವಳಿಗಿದ್ದದ್ದು ಒಂದೇ ಬಸ್ಸು. ಕಾಲೇಜಿಗಾಗಿ ಅದೇ ದಾರಿಯಲ್ಲಿ ನಿಂತು ಕಾದವಳು ನಾನು. ನನಗೆ ಇದು ತಿಳಿಯದ ವಿಷಯವೇ? ಹುರಿದುಂಬಿಸಲೆಂದು ಹೇಳಿದ ಕಥೆಯನ್ನೇ ಬಡಿಗೆ ಮಾಡಿಕೊಂಡು ಅವಳನ್ನು ಹೊಡೆದಿದ್ದೆ.

ಜೋಶಿಯವರು 2012ರಲ್ಲಿ ಆಟದಿಂದ ನಿವೃತ್ತರಾದರು. ಪ್ರಥಮ ದರ್ಜೆಯಲ್ಲಿ 615 ವಿಕೆಟ್, 5,000ಕ್ಕೂ ಮಿಕ್ಕಿ ರನ್ನು ಅವರ ಹೆಸರಿನಲ್ಲಿವೆ. 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಅವರ ಕಥೆಯನ್ನು ನಾನು ಈಗಲೂ ಮಕ್ಕಳಿಗೆ ಹೇಳುತ್ತೇನೆ. ಆದರೆ ಯಾರಾದರೂ ತಡವಾಗಿ ಬಂದು ಬಾಗಿಲಲ್ಲಿ ನಿಂತರೆ, ಕೆಂಪು ಪೆನ್ನು ಎತ್ತುವ ಮೊದಲು “ಎಲ್ಲಿಂದ ಬಂದಿ?” ಎಂದು ಕೇಳುತ್ತೇನೆ. ಉತ್ತರ ಮುಗಿಯುವತನಕ ಕಾಯುತ್ತೇನೆ.