ರಬ್ಬರ್ ಹಾಲಿನ ಪೊರೆ: ಕೈಗವಸಿನ ಕಥೆ

ಸುಳ್ಯ, ಪುತ್ತೂರು ಕಡೆಯಿಂದ ಬಂದು ಮಧುರವಾಡದಲ್ಲಿ ನೆಲೆಸಿದವರಿಗೆ ರಬ್ಬರ್ ತೋಟವನ್ನು ಪರಿಚಯಿಸಬೇಕಾಗಿಲ್ಲ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ತರುವಾಯ ಶ್ರೀಲಂಕೆಯಿಂದ ಮರಳಿದ ಅನೇಕ ತಮಿಳು ಕುಟುಂಬಗಳಿಗೆ ಅಲ್ಲಿನ ಸರ್ಕಾರಿ ತೋಟಗಳಲ್ಲಿ ಕೆಲಸವೂ ನೆಲೆಯೂ ದೊರೆತವು. ನಮ್ಮಂತೆಯೇ ಅವರೂ ವಲಸೆ ಬಂದವರು. ಅವರು ನಸುಕಿನಲ್ಲಿ ಮರದ ತೊಗಟೆ ಗೀರಿ ಇಳಿಸುವ ಹಾಲಿನಂಥ ರಸವೇ ವೈದ್ಯರ ಕೈಗವಸಿನ ಮೂಲವಸ್ತು.

ಈ ಹಾಲಿನಲ್ಲಿ ಸುಮಾರು ಮೂರನೆಯ ಒಂದು ಪಾಲು ರಬ್ಬರ್. ಉಳಿದದ್ದು ಬಹುಮಟ್ಟಿಗೆ ನೀರು. ಪಿಂಗಾಣಿಯ ಕೈಯಚ್ಚನ್ನು ಇದರಲ್ಲಿ ಅದ್ದಿ ತೆಗೆದು ಒಣಗಿಸಿದರೆ ಕಣಗಳು ಬೆಸೆದು ತೆಳು ಪೊರೆಯಾಗುತ್ತದೆ. ಗಂಧಕ ಬೆರೆಸಿ ಕಾಯಿಸಿದಾಗ ಆರೇಳು ಪಟ್ಟು ಹಿಗ್ಗಿ, ಬಿಟ್ಟೊಡನೆ ಮೊದಲಿನಂತಾಗುವ ಗುಣ ಬರುತ್ತದೆ. ಗಂಧಕದ ಈ ಗುಟ್ಟನ್ನು 1839ರಲ್ಲಿ ಕಂಡುಕೊಂಡವರು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್.

ಗವಸು ಶಸ್ತ್ರಚಿಕಿತ್ಸೆಯ ಕೋಣೆಗೆ ಬಂದದ್ದು ರೋಗಿಗಾಗಿ ಅಲ್ಲ, ದಾದಿಗಾಗಿ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ದಾದಿಯ ಕೈ, ಕ್ರಿಮಿನಾಶಕವಾಗಿ ಬಳಸುತ್ತಿದ್ದ ಪಾದರಸದ ಲವಣದಿಂದ ಹುಣ್ಣಾಗುತ್ತಿತ್ತು. 1889–90ರ ಚಳಿಗಾಲದಲ್ಲಿ ಡಾ. ವಿಲಿಯಂ ಹಾಲ್‌ಸ್ಟೆಡ್ ಆಕೆಗಾಗಿ ರಬ್ಬರ್ ಗವಸು ಮಾಡಿಸಿದರು. 1890ರಲ್ಲಿ ಇಬ್ಬರ ಮದುವೆಯೂ ಆಯಿತು. ರೋಗಿಗೂ ಸೋಂಕು ತಗ್ಗುವುದೆಂಬುದು ಆಮೇಲೆ ತಿಳಿದುಬಂದಿತು.

ಆದರೆ ಒಂದು ತೊಡಕಿತ್ತು. ಗಟ್ಟಿ ವಸ್ತುಗಳೆರಡು ಒಂದನ್ನೊಂದು ತಾಗುವುದು ಕೆಲವೇ ಉಬ್ಬುಗಳಲ್ಲಿ. ಮೃದುವಾದ ರಬ್ಬರ್ ಪೊರೆಯಾದರೋ ಚರ್ಮದ ಏರುತಗ್ಗುಗಳಿಗೆಲ್ಲ ಒಗ್ಗಿ ಕೂಡುತ್ತದೆ. ಆದ್ದರಿಂದ ಘರ್ಷಣೆ ಹೆಚ್ಚು. ನಮ್ಮ ವಿಶಾಖಪಟ್ಟಣದ ಸೆಕೆಯಲ್ಲಿ ಬೆವೆತ ಕೈಗೆ ಗವಸು ಏರುವುದೇ ಕಷ್ಟ. ಜಗ್ಗಿದಾಗ ಸಣ್ಣ ಗೀರಿದ್ದರೂ ಎಳೆತವೆಲ್ಲ ಅದರ ತುದಿಯಲ್ಲೇ ಸೇರಿ ಪೊರೆ ಹರಿಯುತ್ತದೆ.

ಇದಕ್ಕೆ ಉಪಾಯವಾಗಿ ಟಾಲ್ಕ್ ಪುಡಿ ಬಂತು. ಅದು ಹೊಟ್ಟೆಯೊಳಗೆ ಉಳಿದು ಗಂಟು ಕಟ್ಟುವುದು ಕಂಡಾಗ ಮೆಕ್ಕೆಜೋಳದ ಪಿಷ್ಟ ಬಂತು. ಪಿಷ್ಟವೋ ರಬ್ಬರ್ ಹಾಲಿನ ಪ್ರೋಟೀನನ್ನು ಹೊತ್ತು ಗಾಳಿಯಲ್ಲಿ ತೇಲಿ, ಕೆಲವು ದಾದಿಯರಿಗೆ ಸೀನು, ಉಬ್ಬಸ ತಂದಿತು. ಯಾರ ಕೈ ಕಾಯಲು ಗವಸು ಹುಟ್ಟಿತೋ ಅವರಿಗೇ ಅದು ಕಂಟಕವಾಯಿತು! ಕೊನೆಗೆ 2017ರ ಜನವರಿಯಲ್ಲಿ ಅಮೆರಿಕ ಪುಡಿ ಹಚ್ಚಿದ ವೈದ್ಯಕೀಯ ಗವಸುಗಳನ್ನು ನಿಷೇಧಿಸಿತು.

ಈಗ ಪುಡಿಯ ಬದಲು ಪೊರೆಯ ಮೇಲ್ಮೈಯನ್ನು ಕ್ಲೋರಿನ್ನಿನಲ್ಲಿ ತೊಳೆದು ನುಣುಪುಗೊಳಿಸುತ್ತಾರೆ, ಇಲ್ಲವೆ ಬೇರೊಂದು ಪಾಲಿಮರ್ ಲೇಪಿಸುತ್ತಾರೆ. ಕ್ಲೋರಿನ್ ಅತಿಯಾದರೆ ಪೊರೆಯ ಬಲವೇ ಕುಂದುವುದರಿಂದ ಅಲ್ಲಿಯೂ ಹದ ಬೇಕು.

ನಮ್ಮ ಮನೆಗಳಲ್ಲಿ ಆಸ್ಪತ್ರೆಯ ಕೆಲಸಕ್ಕೆ ಹೋಗುವವರಿದ್ದಾರೆ. ಗವಸು ತೊಟ್ಟಾಗ ಕೈ ತುರಿಸಿದರೆ, ಉಸಿರು ಕಟ್ಟಿದಂತಾದರೆ, ಅವರು ಸಹಿಸಿಕೊಂಡು ಸುಮ್ಮನಿರಬಾರದು. ವೈದ್ಯರಿಗೆ ತಿಳಿಸಿ, ರಬ್ಬರ್ ಹಾಲಿಲ್ಲದ ನೈಟ್ರೈಲ್ ಗವಸನ್ನು ಕೇಳಿ ಪಡೆಯಬೇಕು.