ಪರದೆಯ ಮೇಲಿನ ಕಡತ

2024ರ ಏಪ್ರಿಲ್‌ನಲ್ಲಿ ಉಬುಂಟು 24.04 ಬಂದಾಗ ಕೃಷ್ಣರಾಜಪೇಟೆಯ ನನ್ನ ಡಿಟಿಪಿ ಅಂಗಡಿಯ ಹಳೇ ಕಂಪ್ಯೂಟರಿಗೆ ಹಾಕಿಕೊಂಡೆ. ಕನ್ನಡದ ಭಾಷಾ ಪ್ಯಾಕನ್ನೂ ಇಳಿಸಿದೆ. ಎಡಕ್ಕೆ ಐಕಾನುಗಳ ಸಾಲು, ಮೇಲೊಂದು ಕಪ್ಪು ಪಟ್ಟಿ, ಅಚ್ಚುಕಟ್ಟಾಗಿದೆ. ಕೀಲಿಮಣೆಯ ಪಟ್ಟಿಯಲ್ಲಿ ಕಗಪ ವಿನ್ಯಾಸವೂ ಸಿಕ್ಕಿತು. ಅರ್ಕಾವತ್ತು ಸರಿಯಾಗಿ ಕೂರುತ್ತದೆಯೇ ಎಂದು 'ಸೂರ್ಯ' ಬರೆದು ನೋಡಿದೆ. ಆಮೇಲೆ, ಪ್ರತಿ ಸಲ ಮಾಡುವಂತೆ, 'ಕಡತ' ಎಂಬ ಮಾತು ಎಲ್ಲಿದೆಯೆಂದು ಹುಡುಕಿದೆ. ಇತ್ತು.

ನಮ್ಮದು ಶಾನುಭೋಗರ ಮನೆ. ತಾತನ ಅಟ್ಟದ ಮೇಲೆ ನಿಜವಾದ ಕಡತವೊಂದಿತ್ತು. ಹತ್ತಿಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಕಲಸಿ ಎರಡೂ ಬದಿಗೆ ಬಳಿದು ಒಣಗಿಸಿದರೆ ಅದು ಹಲಗೆಯಂತೆ ಬಿರುಸಾಗುತ್ತದೆ. ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಚಿ, ಎರಡು ತುದಿಗೂ ಮರದ ಪಟ್ಟಿ ಕೂರಿಸುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಹೊರಬಂದ ತನ್ನ ಚರಿತ್ರೆಯಲ್ಲಿ ಇದರ ಅಳತೆಯನ್ನೇ ಕೊಟ್ಟಿದ್ದಾನೆ: ಅಗಲ 8ರಿಂದ 12 ಅಂಗುಲ, ಉದ್ದ 12ರಿಂದ 18 ಅಡಿ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದು ಆಗಿನ್ನೂ ಹೆಚ್ಚು ವರ್ಷವಾಗಿರಲಿಲ್ಲ. ದೊರೆಗಳು ಬದಲಾದರೂ ಊರಿನ ಲೆಕ್ಕ ಬರೆಯುವ ಕೈ ಕಡತವನ್ನು ಬಿಡಲಿಲ್ಲ.

ಬರೆಯುತ್ತಿದ್ದುದು ಬಳಪದಲ್ಲಿ. ನಮ್ಮೂರಿಗೆ ಕೂಗಳತೆಯ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯನ್ನು 13ನೇ ಶತಮಾನದಲ್ಲಿ ಕಡೆದದ್ದೂ ಬಳಪದ ಕಲ್ಲಿನಲ್ಲೇ. ಆ ಗುಡಿಯ ಗೋಡೆ ಸವರುವಾಗಲೆಲ್ಲ ನನಗೆ ತಾತನ ಅಕ್ಷರದ ನೆನಪು. ಬಳಪದ ಬರಹವನ್ನು ಒರೆಸಿ ಮತ್ತೆ ಬರೆಯಬಹುದು. ಕಪ್ಪು ಸವೆದು ಬಟ್ಟೆಯ ಬಿಳಿ ಕಂಡರೆ ಹೊಸದಾಗಿ ಸರಿ ಬಳಿಯಬೇಕು.

ಕಾಗದ ಬಂದ ಮೇಲೆ ಬಟ್ಟೆ ಹೋಯಿತು, ಹೆಸರು ಉಳಿಯಿತು. 1961ರ ಕಾಯ್ದೆ ಶಾನುಭೋಗಿಕೆಯನ್ನೇ ತೆಗೆದುಹಾಕಿತು. ಆದರೂ ನಾಗಮಂಗಲದ ತಾಲ್ಲೂಕು ಕಚೇರಿಯಲ್ಲಿರಲಿ, ಪಾಂಡವಪುರದ್ದರಲ್ಲಿರಲಿ, ದಾರ ಕಟ್ಟಿದ ಕಾಗದದ ಕಟ್ಟು ಕಡತವೇ. ಲಿನಕ್ಸ್ ಡೆಸ್ಕ್‌ಟಾಪನ್ನು ಕನ್ನಡಕ್ಕೆ ತಂದವರು ಫೈಲಿಗೆ ಅದೇ ಮಾತನ್ನು ಆರಿಸಿಕೊಂಡರು, ಫೋಲ್ಡರಿಗೆ 'ಕಡತಕೋಶ' ಎಂದರು. ಅಂಗಡಿಗೆ ಬರುವವರೆಲ್ಲ 'ಫೈಲು' ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಆದರೂ ಆ ಆಯ್ಕೆ ಸರಿಯೆಂದೇ ನನ್ನ ನಂಬಿಕೆ. ಅದು ನಿಘಂಟಿನಿಂದ ಹೆಕ್ಕಿ ತಂದ ಮಾತಲ್ಲ, ಈ ಸೀಮೆಯ ಲೆಕ್ಕದವರ ಕೈಯಲ್ಲಿ ಇನ್ನೂರು ವರ್ಷಕ್ಕೂ ಮಿಕ್ಕಿ ಸವೆದ ಮಾತು.

ನೋವಿನ ಸಂಗತಿ ಬೇರೆ ಇದೆ. ಉಬುಂಟುವಿನ ಡೆಸ್ಕ್‌ಟಾಪಾದ ಗ್ನೋಮ್ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ತರುತ್ತದೆ. ಪ್ರತಿ ಸಲವೂ ಹೊಸ ಗುಂಡಿ, ಹೊಸ ಸೂಚನೆ, ಹೊಸ ವಾಕ್ಯ. ಕನ್ನಡ ಮಾಡುವವರಿಲ್ಲದಿದ್ದರೆ ಅವೆಲ್ಲ ಇಂಗ್ಲಿಷಿನಲ್ಲೇ ನಿಲ್ಲುತ್ತವೆ. ಈ ಸಲ ಸೆಟ್ಟಿಂಗ್ಸ್ ತೆರೆದಾಗ ಒಂದು ಸಾಲು ಕನ್ನಡ, ಅದರ ಕೆಳಗೆ ಇಂಗ್ಲಿಷು. ತಾತನ ಕಡತದಲ್ಲಿ ಕಪ್ಪು ಉದುರಿ ಬಟ್ಟೆ ಇಣುಕುತ್ತಿದ್ದ ಹಾಗೆ. ಈ ಅನುವಾದವನ್ನು ಯಾರು ಬೇಕಾದರೂ ಮಾಡಬಹುದು. ಪದವಿ ಬೇಡ, ಅಪ್ಪಣೆ ಚೀಟಿ ಬೇಡ.

ಈಗ ರಾತ್ರಿ ಅಂಗಡಿ ಬಾಗಿಲೆಳೆದ ಮೇಲೆ ದಿನಕ್ಕೆ ಹತ್ತು ವಾಕ್ಯದಂತೆ ಕೂತು ಮಾಡುತ್ತಿದ್ದೇನೆ. ನಿನ್ನೆ ಎಂಟೇ ಆದವು. ಒಂಬತ್ತನೆಯದಕ್ಕೆ ಒಪ್ಪುವ ಕ್ರಿಯಾಪದ ಹೊಳೆಯಲಿಲ್ಲ.